ಅತ್ತೆಯ ಬದನೆಕಾಯಿ

ದೊನಾತೊ ನಲವತ್ತು ದಾಟಿದ ಬ್ಯಾಂಕ್ ಮ್ಯಾನೇಜರು. ಆದರೂ ಆಗಸ್ಟ್ ರಜೆಗೆ ಮೊನೋಪೊಲಿಯ ಕಡಲಿಗೆ ಬಂದನೆಂದರೆ, ಉಂಡು ಮೂರು ಗಂಟೆಯಾಗುವ ತನಕ ನೀರಿಗಿಳಿಯುವಂತಿಲ್ಲ. ಅದು ತಾಯಿ ಅದ್ದೊಲೊರಾತಾ ಹಡಗಿನ ಸೈರನ್ನಿನ ದನಿಯಲ್ಲಿ ಹೊರಡಿಸಿದ ಶಾಸನ.

"ಇದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವೇ ಇಲ್ಲ," ಎಂದು ಮಿಲಾನಿನ ಡಾಕ್ಟರು, ಅವಳ ಮಗಳ ಗಂಡ ಎರ್ಮಾನ್ನೊ ನಗುತ್ತಿದ್ದ.

"ನಿನ್ನದು ಪುಸ್ತಕದ ಬದನೆಕಾಯಿ, ಇಟ್ಕೋ," ಎನ್ನುತ್ತಿದ್ದಳು ತಾಯಿ.

ಬಾಡಿಗೆ ಛತ್ರಿಯ ಕೆಳಗೆ ಒರಗುಕುರ್ಚಿಗಳು ಎರಡೇ. ಒಂದು ತಾಯಿಯ ಪೀಠ. ಇನ್ನೊಂದು, ಸಂಜೆ ಈಜಿ, ಕಡಲಲ್ಲಿ ತೇಲುವ ಕೆಂಪು ಬುರುಡೆ ಮುಟ್ಟಿ ಮೊದಲು ಮರಳಿದವನಿಗೆ, ರಜೆ ಮುಗಿಯುವವರೆಗೂ. ಸೋತವನಿಗೆ ಮರಳೇ ಗತಿ. ಹೋದ ವರ್ಷ ಎರ್ಮಾನ್ನೊನೆದುರು ಸೋತಿದ್ದ ದೊನಾತೊಗೆ ಮರಳು ಯಾವ್ಯಾವ ಸಂದಿಗೆ ನುಗ್ಗುತ್ತದೆಂದು ಚೆನ್ನಾಗಿ ಗೊತ್ತಿತ್ತು.

ಆದರೆ ಈ ಸಲ ಪಂದ್ಯದ ದಿನ ನಾಲ್ಕು ಗಂಟೆಗೆ ರೊಟ್ಟಿ ತರಲು ಹಳೇ ಪೇಟೆಗೆ ಹೋದವನನ್ನು ಅಪ್ಪನ ತಂಗಿ ನುಂಝಿಯಾ ಬಾಲ್ಕನಿಯಿಂದಲೇ ಹಿಡಿದಳು. "ಒಂದೇ ಒಂದು ತುಂಬಿದ ಬದನೆಕಾಯಿ, ಮಗಾ!" ಅತ್ತೆಗೆ ಬೇಡವೆನ್ನಲಾದೀತೇ? ತಟ್ಟೆ ಬರಿದಾಯಿತು, ಹೊಟ್ಟೆ ಬದನೆಯಾಯಿತು.

ಸಂಜೆ ಪಂದ್ಯದ ಹೊತ್ತಿಗೆ ಅತ್ತೆ ಡಬ್ಬಿ ಹಿಡಿದು ದಡಕ್ಕೇ ಬಂದಳು. "ಮಿಕ್ಕಿದ್ದೂ ತಿನ್ನೋ."

"ಮಿಕ್ಕಿದ್ದಾ?" ತಾಯಿಯ ಸೈರನ್ ಮೊಳಗಿತು. "ಮೊದಲಿಂದು ಎಲ್ಲಿ ಹೋಯ್ತು?"

"ಅಯ್ಯೋ, ತಿಂದು ಮೂರು ಗಂಟೆ ಆಗಿಲ್ವಲ್ಲ," ಎಂದ ಎರ್ಮಾನ್ನೊ, ಕುರ್ಚಿಯ ಮೇಲೆ ಟವೆಲ್ ಹಾಸುತ್ತ. "ದೊಡ್ಡವರ ಮಾತು ಮೀರಬಾರದಪ್ಪ."

ದೊನಾತೊ ಕೊನೆಯ ಬಾಣ ಬಿಟ್ಟ. "ತಿಂದೆ, ನಿಜ. ಆದ್ರೆ ಅಮ್ಮಾ, ನೀನೇ ಹೇಳು, ಅತ್ತೆ ಮಾಡಿದ್ದು ಊಟಾನಾ?"

"ತಟ್ಟೆ ನೆಕ್ಕಿದ್ಯಲ್ಲೋ ಕೃತಘ್ನ!" ಎಂದು ನುಂಝಿಯಾ ಕೂಗಿದಳು. "ಹೊಟ್ಟೆ ಬಿರಿಯೋ ಹಾಗೆ ತಿಂದಿದಾನೆ, ನೀರಿಗಿಳಿದ್ರೆ ಹೆಣಾನೇ ಬರೋದು!"

ನಾದಿನಿಯ ಅಡುಗೆಯನ್ನು ಊಟವೆಂದು ಒಪ್ಪುವುದೇ? ತಾಯಿ ಎದ್ದು ನಿಂತಳು. "ಮದುವೆಯಾದ ಹೊಸದರಲ್ಲಿ ನಿಮ್ಮತ್ತೆ ಬದನೆಕಾಯಿ ತಿಂದು ನಾನು ಗೊಳೋ ಅಂತ ಅತ್ತೆ. ಅದು ತಿಂದ್ರೂ ಒಂದೇ, ಉಪವಾಸ ಇದ್ರೂ ಒಂದೇ. ಹೋಗೋ, ಈಜು!"

ಬುರುಡೆ ಮುಟ್ಟುವಾಗ ದೊನಾತೊನ ಹೊಟ್ಟೆ ಹಿಂಡಿತು. ಕೂಗಿದರೆ ಅತ್ತೆ ಗೆದ್ದಳು. ಮುಳುಗಿದರೂ ಅತ್ತೆಯೇ ಗೆದ್ದಳು. ಹಲ್ಲು ಕಿರಿದುಕೊಂಡೇ ಈಜಿದ. ಆ ನಗು ಕಂಡು ತಬ್ಬಿಬ್ಬಾದ ಎರ್ಮಾನ್ನೊ ಉಪ್ಪುನೀರು ಕುಡಿದು ಹಿಂದೆ ಬಿದ್ದ.

ಗೆದ್ದವನು ಕುರ್ಚಿಗೆ ಕುಸಿದ.

"ಹೊಟ್ಟೆ ನೋವೇನೋ?" ಅತ್ತೆ ಆಸೆಯಿಂದ ಕೇಳಿದಳು.

"ಇಲ್ಲತ್ತೆ... ಹಸಿವು."

"ಹಾಗಾದ್ರೆ ತಗೋ!" ಡಬ್ಬಿ ತೆರೆಯಿತು. ಬೇರೆ ದಾರಿಯಿಲ್ಲದೆ ತಿಂದ. ಕೊನೆಯ ತುತ್ತು ಇಳಿದದ್ದೇ ತಾಯಿ ಅಭ್ಯಾಸಬಲದಿಂದ ಮೊಳಗಿದಳು:

"ಇನ್ನು ಮೂರು ಗಂಟೆ ನೀರಿಗೆ ಕಾಲಿಟ್ಟೀಯಾ, ಜೋಕೆ!"

ನುಂಝಿಯಾ ಖಾಲಿ ಡಬ್ಬಿಗೆ ಟಪ್ಪೆಂದು ಮುಚ್ಚಳ ಹಾಕಿದಳು.

"ಅಂತೂ ನಂದೂ ಊಟ ಅಂತ ಒಪ್ಕೊಂಡ್ಯಲ್ಲ, ಅತ್ತಿಗೆ."