ಹನ್ನೊಂದನೇ ಪ್ರಶ್ನೆ

ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಎರಡು ಸಲವೂ ಡುಮ್ಕಿ ಹೊಡೆದದ್ದು ಮಕ್ಕಳ ಕಾಯಿಲೆಗಳ ಭಾಗದಲ್ಲೇ. ಮೂರನೆಯದು ಬರುವ ಸೋಮವಾರ. ಓದಲೆಂದು ಅಕ್ಕನ ಮನೆಯಲ್ಲಿ ಬೀಡುಬಿಟ್ಟಿದ್ದೆ. ಅವಳು ಕೆಲಸಕ್ಕೆ ಹೋದಾಗ ಐದು ವರ್ಷದ ಮಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಕಡ್ಡಿಯಂತಿರುವ ಅವಳನ್ನು ನಾವು ಗುಂಡಮ್ಮ ಎನ್ನುತ್ತೇವೆ.

ಅಂದು ಗುಂಡಮ್ಮನಿಗೆ ಬೆಳಗಿನಿಂದಲೇ ಉಬ್ಬಸ.

"ಇನ್ಹೇಲರ್ ಕೊಟ್ಟಿದೀನಿ. ಜಾಸ್ತಿ ಆದ್ರೆ ಫೋನ್ ಮಾಡೇ," ಎಂದಳು ಅಕ್ಕ, ಚಪ್ಪಲಿ ಮೆಟ್ಟುತ್ತಾ.

"ನರ್ಸಿಗೇ ಪಾಠ ಹೇಳ್ತೀಯಾ? ಹೋಗೇ."

"ಮೊದ್ಲು ಪಾಸಾಗು, ಆಮೇಲೆ ನರ್ಸು."

ಸೋಫಾದ ಮೇಲಿಂದ ಸುಯ್ ಸುಯ್ ಎಂಬ ಸದ್ದು ನಿಲ್ಲಲೇ ಇಲ್ಲ. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಇನ್ನೊಮ್ಮೆ ಇನ್ಹೇಲರ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಇಣುಕಿ ನೋಡಿದರೆ ಕಣ್ಣು ಮುಚ್ಚಿ ಮಲಗಿದ್ದಳು. ಸದ್ಯ, ನಾನು ಬದುಕಿದೆ ಎಂದುಕೊಂಡು ಕೋಣೆಯ ಬಾಗಿಲು ಮುಂದೆ ಮಾಡಿ ಮಾದರಿ ಪ್ರಶ್ನೆಗಳ ಪುಸ್ತಕ ಹಿಡಿದು ಕೂತೆ. ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ಸರಿಯಾದವು.

ಹನ್ನೊಂದನೆಯದು: ಉಬ್ಬಸದ ಮಗುವಿನ ಎದೆಯ ಸದ್ದು ಇದ್ದಕ್ಕಿದ್ದಂತೆ ನಿಂತಿದೆ, ಮಗು ಮಂಕಾಗಿದೆ. ಅರ್ಥವೇನು? ಮೊದಲ ಆಯ್ಕೆ, ಔಷಧಿ ಹಿಡಿದಿದೆ. ದಡ್ಡರು ಬೀಳುವುದೇ ಅಲ್ಲಿ. ನಾನು ಮೂರನೆಯದಕ್ಕೆ ಗುರುತು ಹಾಕಿದೆ: ಸದ್ದಾಗುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ, ಜೀವಕ್ಕೆ ಅಪಾಯ. ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿದೆ. ಸರಿಯಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹನ್ನೆರಡನೆಯದನ್ನು ಅರ್ಧ ಓದಿದವಳು ಪುಸ್ತಕ ಎಸೆದು ಸೋಫಾದತ್ತ ಓಡಿದೆ.

ಗುಂಡಮ್ಮನ ತುಟಿ ನೀಲಿಯಾಗಿತ್ತು. ಕರೆದರೆ ಅರೆಗಣ್ಣು ತೆರೆದಳು, ನನ್ನ ಗುರುತು ಸಿಗಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಇನ್ಹೇಲರ್ ಒತ್ತಿದೆ, ಒತ್ತುತ್ತಲೇ ಇದ್ದೆ; ಉಸಿರಿಗೇ ದಾರಿಯಿಲ್ಲದಲ್ಲಿ ಔಷಧಿ ಎಲ್ಲಿಂದ ಹೋದೀತು? ಪುಸ್ತಕದ ಪ್ರಕಾರ ಮುಂದಿನ ಹೆಜ್ಜೆ ಆಕ್ಸಿಜನ್. ಅಕ್ಕನ ಮನೆಯಲ್ಲಿದ್ದದ್ದು ಫ್ಯಾನು. ಅದನ್ನೇ ಜೋರು ಮಾಡಿದೆ. ಕಲಿತದ್ದೆಲ್ಲ ಸಾಲಾಗಿ ಬಾಯಿಗೆ ಬರುತ್ತಿತ್ತು, ಕೈಗೆ ಮಾತ್ರ ಏನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಗಂಟಲಿಗೆ ನಳಿಕೆ ಇಳಿಸಿದರು. ಏನೂ ಹೇಳುವ ಹಾಗಿಲ್ಲ ಎಂದರು ಡಾಕ್ಟರು. ಕೆಲಸದ ಬಟ್ಟೆಯಲ್ಲೇ ಓಡಿಬಂದ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಮನೇಲಿ ನೀನಿದ್ದಿದ್ದೇ ಪುಣ್ಯ ಕಣೇ. ಬೇರೆ ಯಾರಾದ್ರೂ ಆಗಿದ್ರೆ ಮಲ್ಗಿದಾಳೆ ಅಂತ ಬಿಟ್ಬಿಡೋರು."

ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಕಾಗದ ಹಿಡಿದು ಬಂದಳು. "ಎದೆ ಸದ್ದು ನಿಂತ ಮೇಲೆ ಎಷ್ಟು ಹೊತ್ತಿಗೆ ಆಂಬುಲೆನ್ಸ್ ಕರೆದ್ರಿ?"

"ಇಪ್ಪತ್ತು ನಿಮಿಷ."

ಅವಳು ಒಮ್ಮೆ ನನ್ನ ಮುಖ ನೋಡಿ, ಬರೆದುಕೊಂಡು ಹೋದಳು.

ಅಕ್ಕ ನನ್ನ ಕೈ ಬಿಟ್ಟಿರಲಿಲ್ಲ. "ಇಪ್ಪತ್ತು ನಿಮಿಷ ಅಂದ್ರೆ ಬೇಗ್ನೇ ಅಲ್ವೇನೇ?" ಎಂದು ನನ್ನನ್ನೇ ಕೇಳಿದಳು.