ಎರಡು ಇಂಚು

"ನೀವೇ ಕುಳಿತುಕೊಳ್ಳಿ ಅಕ್ಕ. ಖಾಲಿ ಕುರ್ಚಿಯ ಅಳತೆ ತೆಗೆದ್ರೆ ಪ್ರಯೋಜನ ಇಲ್ಲ. ಕುಶನ್ ತಗ್ಗಬೇಕಲ್ಲ," ಎಂದ ಜೋಣಿ.

ಹರಿಣಾಕ್ಷಿ ಗಂಡನ ಗಾಲಿಕುರ್ಚಿಯಲ್ಲಿ ಕುಳಿತಳು. ಅದನ್ನು ತಳ್ಳಿದ್ದಳು, ತೊಳೆದಿದ್ದಳು, ಸಿಟ್ಟು ಬಂದಾಗ ಒಮ್ಮೆ ಒದ್ದೂ ಇದ್ದಳು. ಕುಳಿತದ್ದು ಮಾತ್ರ ಇದೇ ಮೊದಲು. ಮಗ ಸುಜಯ್ ಕುರ್ಚಿಯನ್ನು ತಮ್ಮ ಹಳೆಯ ವ್ಯಾಗನಾರ್ ಕಾರಿನ ತೆರೆದ ಬಾಗಿಲಿಗೆ ಒತ್ತಿ ನಿಲ್ಲಿಸಿದ. ಕಡಬ ಪೇಟೆಯ ಹೊರಗಿರುವ ಜೋಣಿಯ ಗ್ಯಾರೇಜಿನ ನೆಲ ಅಂಗೈಯಷ್ಟು ಸಪಾಟು. ಜೋಣಿ ಮಂಡಿಯೂರಿ ಟೇಪು ಹಿಡಿದ. ಕಾರಿನ ಸೀಟು ಕುರ್ಚಿಗಿಂತ ಎರಡು ಇಂಚು ಮೇಲಿತ್ತು.

ಆ ಎರಡು ಇಂಚು ಅವಳ ಗಂಡ ತ್ಯಾಂಪಣ್ಣನಿಗೆ ಗುಡ್ಡದಷ್ಟಾಗಿತ್ತು. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ತೋಳು ಮಾತ್ರ ಮೊದಲಿನ ಹಾಗೇ ಗಟ್ಟಿ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಹಲಗೆ ಇಟ್ಟುಕೊಂಡು ತಾನೇ ಜಾರುತ್ತಿದ್ದ. ಕಾರಿಗೆ ಹಾಗಾಗದು, ಯಾರಾದರೂ ಎತ್ತಿ ಹಾಕಬೇಕು. ಒಮ್ಮೆ ಪುತ್ತೂರಿನ ಆಸ್ಪತ್ರೆಯ ಎದುರು ಎತ್ತುವಾಗ ಲುಂಗಿ ಜಾರಿತು. ಬಸ್ಸಿಗೆ ಕಾದವರೆಲ್ಲ ನೋಡಿದರು, ಪಾಪ ಅಂದರು. ಬೈದಿದ್ದರೆ ತಿರುಗಿ ಬೈದು ಮರೆಯುತ್ತಿದ್ದನೋ ಏನೋ. ಆ ಪಾಪವನ್ನು ಮಾತ್ರ ಅವನಿಂದ ನುಂಗಲಾಗಲಿಲ್ಲ. ಅಂದಿನಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ.

ಈಗ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಮನೆಗೆ ಬಂದು ಹೋಗುವ ನರ್ಸಮ್ಮ ಬಟ್ಟೆ ಸರಿಸಿ ನೋಡಿದವಳೇ ಹರಿಣಾಕ್ಷಿಯನ್ನು ಹೊರಗೆ ಕರೆದಿದ್ದಳು. ಎಲುಬಿಗೆ ಇಳಿಯುವ ಮೊದಲು ಡಾಕ್ಟರಿಗೆ ತೋರಿಸದಿದ್ದರೆ ಜೀವ ಉಳಿಯುವುದಿಲ್ಲ ಅಂದಿದ್ದಳು. ತ್ಯಾಂಪಣ್ಣನದ್ದು ಒಂದೇ ಹಟ. "ನಾನೇ ಹತ್ತಿ ಕೂತುಕೊಳ್ಳುದಾದ್ರೆ ಬರ್ತೇನೆ. ಎತ್ತುದಾದ್ರೆ ಇಲ್ಲೇ ಸಾಯ್ತೇನೆ."

"ಪುತ್ತೂರಿನ ಹುಡುಗರು ಶೋಕಿಗೆ ಕಾರು ತಗ್ಗಿಸ್ಲಿಕ್ಕೆ ಬರ್ತಾರೆ. ಇದಕ್ಕೆ ಅಂತ ಬಂದದ್ದು ನೀವೇ ಮೊದಲು," ಎಂದ ಜೋಣಿ. ಮತ್ತೆ ಸುಜಯನ ಕಡೆ ತಿರುಗಿದ. "ಗಿಡ್ಡ ಸ್ಪ್ರಿಂಗ್ ಹಾಕಿ ಒಂದೂವರೆ ಇಂಚು ಇಳಿಸುವ. ಉಳಿದ ಅರ್ಧ ಇಂಚು ಟಯರಿನಲ್ಲಿ ತೆಗೆಯುವ. ಈಗ ಇರುವ ಟಯರಿನ ಸೈಜ್ ನೂರನಲವತ್ತೈದು ಎಂಬತ್ತು. ನೂರೈವತ್ತೈದು ಅರವತ್ತೈದು ಹಾಕಿದ್ರೆ ಗಾಲಿ ಗಿಡ್ಡ ಆಗ್ತದೆ."

"ಎರಡಿಂಚೂ ಸ್ಪ್ರಿಂಗಿನಲ್ಲೇ ತೆಗೆದ್ರೆ?"

"ಹೊಂಡಕ್ಕೆ ಬಿದ್ದಾಗ ಧಡ್ ಅಂತ ಬಡಿತದೆ ಮಾರಾಯ. ಹುಣ್ಣು ಉಂಟು ಅಂತೀ ಅಲ್ವಾ?" ಜೋಣಿ ಬಗ್ಗಿ ಕಾರಿನ ಹೊಟ್ಟೆ ನೋಡಿದ. "ಜನ ಕೂತ್ರೆ ಇನ್ನೂ ಕೆಳಗೆ ಬರ್ತದೆ. ನಿಮ್ಮ ರೋಡ್ ಹೇಗೆ ಉಂಟು?"

"ಕಾಂಕ್ರೀಟ್ ಆಗಿದೆ ಜೋಣಿಯಣ್ಣ. ಒಂದು ಹೊಂಡ ಇಲ್ಲ," ಎಂದಳು ಹರಿಣಾಕ್ಷಿ. ಸುಳ್ಳಲ್ಲ, ಹೊಂಡ ಇರಲಿಲ್ಲ.

ಕಾರು ಗ್ಯಾರೇಜಿನಲ್ಲಿರುವಾಗಲೇ ಮೋಡ ಕಟ್ಟತೊಡಗಿತು. ಮಳೆಗೆ ಮೊದಲು ದಾರಿಗೆ ಅಡ್ಡವಾಗಿ ಗಿಡ್ಡ ದಿಣ್ಣೆಯಂಥ ಕಟ್ಟ ಹಾಕಿ ನೀರನ್ನು ಚರಂಡಿಗೆ ತಿರುಗಿಸುವುದು ಆ ಇಳಿಜಾರಿನ ಮನೆಗಳ ವಾಡಿಕೆ. ಇಲ್ಲದಿದ್ದರೆ ಗುಡ್ಡದ ನೀರೆಲ್ಲ ರಸ್ತೆಯಲ್ಲೇ ಓಡಿ ಕೆಳಗಿನವರ ಅಂಗಳಕ್ಕೆ ನುಗ್ಗುತ್ತದೆ. ಹರಿಣಾಕ್ಷಿಯ ಪಾಲಿನದು ಗೇಟಿನ ಕೆಳಗಿನ ತಿರುವು. ಪ್ರತಿವರ್ಷ ಅವಳು ಹಾಕಿದ ಮಣ್ಣಿನ ಕಟ್ಟ ಜೀಪುಗಳ ಗಾಲಿಗೆ ಸಿಕ್ಕಿ ಸವೆದು ಹೋಗುತ್ತಿತ್ತು. ಈ ಸಲ ಮುರಕಲ್ಲಿನ ತುಂಡು ಜೋಡಿಸಿ ಮೇಲೆ ಸಿಮೆಂಟು ಮೆತ್ತಿದಳು. ಕಾರಿನ ನೆನಪೇ ಇರಲಿಲ್ಲ ಎನ್ನುವಂತಿಲ್ಲ. ಗಂಡ ಅದರಲ್ಲಿ ಕುಳಿತು ಹೊರಡುವುದನ್ನು ನೆನೆದುಕೊಂಡೇ ಅವಳು ಸಿಮೆಂಟು ಸವರಿದ್ದು. ಕಟ್ಟಕ್ಕೂ ಕಾರಿಗೂ ಸಂಬಂಧ ಉಂಟೆಂದು ಹೊಳೆಯಲಿಲ್ಲ, ಅಷ್ಟೆ. ಸುಜಯನಿಗೂ ಹೊಳೆಯಲಿಲ್ಲ. ಗ್ಯಾರೇಜಿನಿಂದ ಕಾರು ತರುವಾಗ ಅವನೊಬ್ಬನೇ ಇದ್ದ, ಕಟ್ಟವನ್ನು ಸಲೀಸಾಗಿ ದಾಟಿತ್ತು.

ಮರುದಿನ ಬೆಳಿಗ್ಗೆ ತ್ಯಾಂಪಣ್ಣ ಅಂಗಿಯ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು ಅಂಗಳಕ್ಕೆ ಬಂದ. ಹಲಗೆಯ ಒಂದು ತುದಿ ಕುರ್ಚಿಯಲ್ಲಿ, ಇನ್ನೊಂದು ಕಾರಿನ ಸೀಟಿನಲ್ಲಿ. ಎರಡೂ ಸಮ. ಕೈಯೂರಿ ಮೈ ಎತ್ತಿದ, ಸರಿದ, ಮತ್ತೆ ಎತ್ತಿದ, ಸರಿದ. ಸೀಟಿಗೆ ಬಂದು ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಂಡ. ಬಾಗಿಲನ್ನೂ ತಾನೇ ಹಾಕಿಕೊಂಡ. ಹರಿಣಾಕ್ಷಿಗೆ ಅಳುವೂ ನಗುವೂ ಒಟ್ಟಿಗೆ ಬಂತು.

"ಎಂತ ನಿಂತು ನೋಡುದು? ಹತ್ತಿ, ತಡ ಆಗ್ತದೆ," ಎಂದು ಅವನು ಗದರಿದ. ಗಂಡನ ಈ ಗದರಿಕೆ ಕೇಳಿ ಎಷ್ಟು ಕಾಲವಾಗಿತ್ತು!

ಅವನ ಅಕ್ಕ ತಿಮ್ಮಕ್ಕ ಅಜ್ಜಾವರದಿಂದ ಬಂದಿದ್ದಳು. ಆಸ್ಪತ್ರೆಗೆ ಹೋಗುವಾಗ ಜೊತೆಗೆ ಜನ ಬೇಡವೇ? ಚಾಪೆ, ಗಂಜಿಯ ಪಾತ್ರೆ, ಮಡಚಿದ ಕುರ್ಚಿ ಎಲ್ಲ ಹಿಂದೆ ಹೋಯಿತು. ಹೆಂಗಸರಿಬ್ಬರೂ ಹತ್ತಿದರು.

ಗೇಟು ದಾಟಿ ತಿರುವಿನಲ್ಲಿ ಎದುರಿನ ಗಾಲಿ ಕಟ್ಟ ಹತ್ತಿ ಇಳಿಯಿತು. ಕೂಡಲೇ ಕಾರಿನ ಹೊಟ್ಟೆ ಕಟ್ಟದ ಮೇಲೆ ಗರಗರ ಎಂದು ಕೂತುಬಿಟ್ಟಿತು. ಸುಜಯ್ ಹಿಂದಕ್ಕೆ ಎಳೆದ, ಮುಂದಕ್ಕೆ ದೂಡಿದ. ರಬ್ಬರು ಸುಟ್ಟ ವಾಸನೆ ಬಂತು. ಹೆಂಗಸರು ಇಳಿದರು, ಚಾಪೆ, ಕುರ್ಚಿ ಇಳಿಸಿದರು. ಕಾರು ಅಲುಗಲಿಲ್ಲ. ಆಗಲೇ ಕೆಳಗಿನಿಂದ ಆದಂ ಕುಂಞಿಯ ಸರ್ವೀಸ್ ಜೀಪು ಜನ ತುಂಬಿಕೊಂಡು ಏರಿ ಬಂತು. ದಾರಿ ಕಟ್ಟಿಹೋದ ಮೇಲೆ ಎಲ್ಲರೂ ಇಳಿದರು, ಕಾರನ್ನು ಹಿಡಿದು ಎತ್ತಿದರು. ಒಂದು ಬೆರಳು ಏರಿತು, ಮತ್ತೆ ಕೂತಿತು.

"ಜಾಕ್ ಇಡುವ," ಎಂದ ಸುಜಯ್.

"ಈ ಇಳಿಜಾರಿನಲ್ಲಾ? ಒಳಗೆ ಜನ ಇರುವಾಗ ನಾನು ಇಡುದಿಲ್ಲ." ಆದಂ ಕುಂಞಿ ಬಗ್ಗಿ ಅಡಿಯನ್ನು ನೋಡಿ ಎದ್ದ. "ಆ ಭಾರ ಒಂದು ಇಳಿದ್ರೆ ಸಾಕಿತ್ತು..." ಎಂದವನು ಭಾರ ಯಾರೆಂದು ನೆನಪಾಗಿ ಮಾತು ನುಂಗಿದ.

ಬಾಗಿಲ ಬದಿಗೆ ಚರಂಡಿ. ಕುರ್ಚಿ ನಿಲ್ಲುವ ಜಾಗವಲ್ಲ, ಹಲಗೆ ಇಟ್ಟು ತಾನೇ ಇಳಿಯುವಂತಿರಲಿಲ್ಲ. ಕಟ್ಟ ಯಾರದ್ದೆಂದು ತ್ಯಾಂಪಣ್ಣನಿಗೆ ಗೊತ್ತಿತ್ತು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಹರಿಣಾಕ್ಷಿಗೆ.

"ನೀನು ಆಚೆ ತಿರುಗು," ಎಂದ ಅವನು, ಮೆಲ್ಲಗೆ.

ಅವಳು ತಿರುಗಿದಳು. ಬೆನ್ನ ಹಿಂದೆ ಬಾಗಿಲು ತೆರೆದದ್ದು ಕೇಳಿತು. "ಕಾಲು ಹಿಡಿ, ಕಾಲು," ಎಂದದ್ದು ಕೇಳಿತು. ಜೀಪಿನವರು ಒಳ್ಳೆಯವರೇ. ಒಬ್ಬರೂ ಪಾಪ ಅನ್ನಲಿಲ್ಲ. ಗಂಡನ ಏದುಸಿರು ಅವಳ ಪಕ್ಕದಲ್ಲೇ ಹಾದು ಮೇಲಕ್ಕೆ ಹೋಯಿತು. ಅವನನ್ನು ಗೇಟಿನ ಬಳಿ ಕುರ್ಚಿಯಲ್ಲಿ ಕೂರಿಸಿದ ಮೇಲೆ ಎಲ್ಲರೂ ಸೇರಿ ಒಮ್ಮೆ ಎತ್ತಿದರು, ಕಾರು ಹಗುರವಾಗಿ ಕಟ್ಟ ದಾಟಿತು.

ಸುಜಯ್ ಅದನ್ನು ಕೆಳಗೆ ಮೋರಿಯ ಹತ್ತಿರ ನಿಲ್ಲಿಸಿ ಓಡಿ ಬಂದ. "ಅಪ್ಪ, ಅಲ್ಲಿ ಸಪಾಟು ಉಂಟು. ಅಲ್ಲಿ ನೀವೇ ಹತ್ತಬಹುದು."

ತ್ಯಾಂಪಣ್ಣ ಕುರ್ಚಿಯನ್ನು ಮನೆಯ ಕಡೆಗೆ ತಿರುಗಿಸಿದ.

"ಡಾಕ್ಟ್ರು ಕಾಯ್ತಾ ಇರ್ತಾರೆ. ನಿಮ್ಮ ಕಾಲಿಗೆ ಬೀಳ್ತೇನೆ," ಎಂದಳು ಹರಿಣಾಕ್ಷಿ. ತಿಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವನು ಗಾಲಿಗೆ ಕೈ ಹಾಕಿದ.

ಅಂಗಳದವರೆಗೆ ಏರು. ಕುರ್ಚಿ ಒಂದು ಮೊಳ ಏರುತ್ತಿತ್ತು, ಅವನು ಕೈ ಬದಲಿಸುವಷ್ಟರಲ್ಲಿ ಅರ್ಧ ಮೊಳ ಹಿಂದೆ ಬರುತ್ತಿತ್ತು. ಹಿಂದಿನ ಹಿಡಿಯನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ. ಚಪ್ಪಲಿ ಕಳಚಿಟ್ಟು ಅವನ ಹಿಂದೆಯೇ ನಡೆದಳು. ಅವನು ಕೈ ಸಡಿಲಿಸಿದಾಗಲೆಲ್ಲ ಗಾಲಿಯ ಅಡಿಗೆ ತನ್ನ ಪಾದವನ್ನು ಅಡ್ಡ ಇಡುತ್ತ ಹೋದಳು.