ಗಾಳಿ ನಿಂತ ತಾಸು

ರಾಯಚೂರಿನ ಒಂದು ಸಣ್ಣ ಪರಿಸರ ಸಲಹಾ ಕಂಪನಿಯಲ್ಲಿ ಕಲ್ಯಾಣಿಗೆ ಕೆಲಸ. ಕಾರ್ಖಾನೆಯ ಚಿಮಣಿಯಿಂದ ಹೊರಟ ಹೊಗೆ ಯಾವ ಊರಿನ ಮೇಲೆ ಎಷ್ಟು ಬೀಳುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕ್ಷೆ ತೆಗೆಯುತ್ತಿದ್ದಳು. ಕುರ್ಡಿಯ ಹತ್ತಿರ ತೌಡೆಣ್ಣೆ ಕಾರ್ಖಾನೆ ಬರುತ್ತದೆಂದಾಗ ಆ ಲೆಕ್ಕವೂ ಅವಳ ಮೇಜಿಗೇ ಬಂತು. ಕುರ್ಡಿ ಅವಳ ಊರು. ತಾಯಿಯಿಲ್ಲದ ಅವಳನ್ನು ದೊಡ್ಡವ್ವ ಗೋಪಮ್ಮ ಕೂಲಿ ಮಾಡಿ ಓದಿಸಿದ್ದಳು.

ನಕ್ಷೆಯಲ್ಲಿ ಊರು ಹಸಿರಾಗಿಯೇ, ಅಂದರೆ ಅಪಾಯವಿಲ್ಲವೆಂದೇ ಬಂತು. ಆದರೆ ಗಾಳಿ ಪೂರ್ತಿ ನಿಂತ ತಾಸುಗಳನ್ನು ಕಂಪ್ಯೂಟರಿನ ಆ ಮಾಡೆಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಳಿಗಾಲದ ನಸುಕಿನಲ್ಲಿ ಕುರ್ಡಿಯಲ್ಲಿ ಎಲೆ ಅಲುಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಸರ್, ಹೊಗಿ ಕೆಳಗ ಕುಂದ್ರೋದು ಆ ತಾಸಿನ್ಯಾಗ ರೀ," ಎಂದಳು.

ಸಲಹಾ ಕಂಪನಿಯ ಮಾಲೀಕ ಅನಿಲಕುಮಾರ ಸಿಟ್ಟಾಗಲಿಲ್ಲ. "ಖರೇ ಅದವ್ವ. ಆದ್ರ ಎಲ್ಲಾರೂ ಒಪ್ಪೋದು ಇದೇ ಲೆಕ್ಕ. ಬ್ಯಾರೆ ಮಾಡಿದ್ರ ಯಾರೂ ತಗೊಳ್ಳಂಗಿಲ್ಲ."

ಮಾನ್ವಿಯಲ್ಲಿ ಜನರ ಅಹವಾಲು ಸಭೆ ನಡೆದಾಗ ಅವಳೇ ನಕ್ಷೆ ತೋರಿಸಿದಳು. ಗಾಳಿ ನಿಂತಾಗ ಏನಾಗುತ್ತದೆಂದು ಇದು ಹೇಳುವುದಿಲ್ಲ ಎಂದು ಎರಡು ಸಲ ಬಿಡಿಸಿ ಹೇಳಿದಳು. ಊರಿನ ಹಿರಿಯ ಮೂಕಪ್ಪ ಎದ್ದು ನಿಂತ. "ನಮ್ಮ ಹುಡುಗಿನೇ ಲೆಕ್ಕ ಮಾಡ್ಯಾಳ. ಇನ್ನೇನು ಅನುಮಾನ?" ಎಂದ. ಜನ ಚಪ್ಪಾಳೆ ತಟ್ಟಿದರು. ಅವಳ ಮಾತು ಆ ಸದ್ದಿನಲ್ಲೇ ಹೋಯಿತು.

ಕಾರ್ಖಾನೆ ಶುರುವಾಯಿತು. ದೇವದುರ್ಗದ ಕಡೆಯಿಂದ ಗಾಳಿ ಬೀಸುವಷ್ಟು ಕಾಲ ಯಾರಿಗೂ ಏನೂ ಅನ್ನಿಸಲಿಲ್ಲ. ಚಳಿ ಬಿತ್ತು. ಗೋಪಮ್ಮನಿಗೆ ಉಸಿರು ಸಾಲದಾಯಿತು. ಕಲ್ಯಾಣಿ ರಾಯಚೂರಿನ ಮಾಲಿನ್ಯ ನಿಯಂತ್ರಣ ಕಚೇರಿಗೆ ಅಲೆದಳು. ಅಲ್ಲಿನ ಅಧಿಕಾರಿ ಚನ್ನವೀರ ಕುರ್ಚಿ ಕೊಟ್ಟು, ಚಹಾ ತರಿಸಿ, ಕೊನೆಗೆ ಹೇಳಿದ: "ನಾವೂ ಊರಾಗ ಹೊಗಿ ಅಳದೀವಿ ರೀ. ಇಡೀ ದಿನದ ಸರಾಸರಿ ಮಿತಿಯೊಳಗೇ ಅದ. ಮ್ಯಾಲ ನಿಮ್ಮ ಲೆಕ್ಕನೂ ಹಂಗೇ ಹೇಳ್ತದ."

ಮರುದಿನ ನಸುಕಿನ ಬಸ್ಸಿಗೆ ಅವಳು ಊರಿಗೆ ಹೋದಳು. ಹೊಗೆ ಮಾಳಿಗೆಗಳ ಮೇಲೆ ಮಲಗಿಕೊಂಡಿತ್ತು. ಗೋಪಮ್ಮ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು.

"ಇದು ನಿನ್ನ ಕಂಪ್ಯೂಟರ್‌ನ್ಯಾಗ ಕಾಣಲಿಲ್ಲೇನು ಯವ್ವಾ?"

"ಕಾಣಂಗಿಲ್ಲ ದೊಡ್ಡವ್ವ. ಸಭಾದಾಗ ಹೇಳಿದ್ದೆ."

"ಹೇಳಿದ್ದಿ. ನಾವು ನಿನ್ನ ಮುಖ ನೋಡಿಕೋತ ಕುಂತ್ವಿ, ಮಾತು ಕೇಳಲಿಲ್ಲ."

ಕಲ್ಯಾಣಿ ಸೆರಗು ಒದ್ದೆ ಮಾಡಿ ದೊಡ್ಡವ್ವನ ಮೂಗಿಗೆ ಹಿಡಿದಳು. ಎದ್ದು ಕಿಟಕಿ ಮುಚ್ಚಿದಳು. ಒಳಗೂ ಅದೇ ವಾಸನೆ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದಳು.